ದಶರಥ ಮಿಸ್ತ್ರಿ ನೋಡದೆ ಬಿಟ್ಟ ಜಾಗ

ಅಫಜಲಪುರದಲ್ಲಿ ದಶರಥ ಮಿಸ್ತ್ರಿಯ ಅಂಗಡಿಗೆ ಗಾಡಿ ಒಯ್ಯುವವರು ಬೈಸಿಕೊಳ್ಳಲು ತಯಾರಾಗಿಯೇ ಹೋಗುತ್ತಿದ್ದರು. ಆತ ಗಾಡಿಗಳ ವೈರಿಂಗ್ ಕೆಲಸದವ: ಲೈಟು, ಹಾರ್ನು, ಡೈನಮೊ, ಬ್ಯಾಟರಿ. ಹುಟ್ಟಿದ್ದು ಆಳಂದ ತಾಲೂಕಿನ ಸರಸಂಬಾದಲ್ಲಿ, ಕೆಲಸ ಕಲಿತದ್ದು ಸೊಲ್ಲಾಪುರದಲ್ಲಿ. ಎದುರಿಗೆ ನಿಂತವರನ್ನು ದಡ್ಡರೆಂದು ಕಾಣುವುದನ್ನು ಎಲ್ಲಿ ಕಲಿತನೋ, ಯಾರಿಗೂ ಗೊತ್ತಿಲ್ಲ.

"ಹಾರ್ನ್ ಕೆಟ್ಟದರಿ" ಎಂದು ಬಂದ ಟೆಂಪೊದವನಿಗೆ, "ಹಾರ್ನ್ ಯಾಕ ಕೆಡ್ತದ? ಎಮ್ಮಿ ಕಂಡ್ರೂ ಒತ್ತತಿ, ಎಮ್ಮಿ ನೆರಳು ಕಂಡ್ರೂ ಒತ್ತತಿ. ಕೆಟ್ಟಿದ್ದು ನಿನ್ನ ಹೆಬ್ಬಟ್ಟು" ಎನ್ನುತ್ತಿದ್ದ. ಇಷ್ಟಾದರೂ ಜನ ಬರುತ್ತಿದ್ದರು. ಸರಿಯಿದ್ದ ಭಾಗವನ್ನು ಕೆಟ್ಟಿದೆ ಎಂದು ಹೇಳಿ ಬದಲಿಸುವ ಚಾಳಿ ಆತನಿಗಿರಲಿಲ್ಲ. ಅಳೆದು ನೋಡದೆ ಒಂದು ಮಾತೂ ಆಡುತ್ತಿರಲಿಲ್ಲ. ಬೈಗುಳ ಮಾತ್ರ ಅಳತೆಯಿಲ್ಲದೆ ಬರುತ್ತಿತ್ತು.

ಆತನದು ಬೌದ್ಧ ಮನೆತನ. ದೃಷ್ಟಿ, ದೆವ್ವ, ಮಾಟಗಳನ್ನೆಲ್ಲ ಅಪ್ಪನ ಕಾಲಕ್ಕೇ ಮನೆಯಿಂದ ಹೊರಗೆ ಹಾಕಿದ್ದರು. ಆದರೆ ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಸೈಕಲ್ಲಿನಿಂದ ಲಾರಿಯವರೆಗೆ ಎಲ್ಲದರ ಮೂತಿಗೂ ಹೊಸ ಲಿಂಬೆಕಾಯಿ, ಹಸಿ ಮೆಣಸಿನಕಾಯಿ ನೇತುಬೀಳುತ್ತವೆ. ದಶರಥನಿಗೆ ಅವನ್ನು ಕಂಡರೆ ಮೈ ಉರಿಯುತ್ತಿತ್ತು. ಅಂಗಡಿಯ ಮುಂದೆ ಎಣ್ಣೆಬಣ್ಣದಲ್ಲಿ ಒಂದು ಬೋರ್ಡು ಬರೆಸಿದ್ದ: "ಲಿಂಬಿಕಾಯಿ ಬಿಚ್ಚಿ ಒಳಗ ಬರ್ರಿ." ಬಿಚ್ಚದೆ ಬಂದವರಿಗೆ ಒಂದೇ ಮಾತು: "ಗಾಡಿ ಕಾಯೋದು ಅದು ಅಂದ್ರ ನನ್ನ ಹತ್ರ ಯಾಕ ಬಂದಿ? ಅದಕ್ಕ ಹೇಳು, ಲೈಟ್ ಹಚ್ತದ." ಲಿಂಗಾಯತರು ಸಿಕ್ಕರೆ ಇನ್ನೊಂದು ಮಾತು ಹೆಚ್ಚು: "ನಿಮ್ಮ ಶರಣರು ಇದನ್ನೆಲ್ಲ ಬಿಡ್ರಿ ಅಂದು ಎಷ್ಟು ಕಾಲ ಆತ್ರಿ? ಇನ್ನೂ ಕೇಳಿಸಿಲ್ಲೇನು?"

ಜನ ಅಂಗಡಿಗಿಂತ ಸ್ವಲ್ಪ ಹಿಂದೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಬಿಚ್ಚಿಟ್ಟುಕೊಂಡು, ಹೋಗುವಾಗ ಅಲ್ಲಿಯೇ ಮತ್ತೆ ಕಟ್ಟಿಕೊಂಡು ಹೋಗುತ್ತಿದ್ದರು. ದಶರಥನಿಗೆ ಇದು ಗೊತ್ತಿತ್ತು. ಆ ಕಡೆ ಕಣ್ಣು ಹಾಯಿಸುವುದೂ ತನ್ನ ಮರ್ಯಾದೆಗೆ ಕಡಿಮೆ ಎಂದುಕೊಂಡಿದ್ದ.

ತೊಂಬತ್ತರ ದಶಕದ ನಡುವಿನಲ್ಲಿ ಆತನ ಅಂಗಡಿಗೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಂತು. ಕರಜಗಿಯ ಬಸವಂತರಾಯ, ನೀರಾವರಿ ಕಬ್ಬಿನ ಸಾವುಕಾರ, ಅದನ್ನು ಮುಂಬಯಿಯಲ್ಲಿ ಯಾರೋ ಓಡಿಸಿ ಸಾಕಾದ ಮೇಲೆ ಕೊಂಡಿದ್ದ. ಹೊರದೇಶದ ಗಾಡಿ, ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ. ಕರಜಗಿಯ ರಸ್ತೆಗೆ ಇಂಥ ಗಾಡಿ ತಂದವನ ಬುದ್ಧಿಯ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಕಬ್ಬಿನ ಬಂಡಿಗಳ ಹಿಂದೆ ಅದು ಎರಡನೆಯ ಗೇರಿನಲ್ಲಿ ತೆವಳುತ್ತಿತ್ತು. ಸೈಕಲ್ಲಿನವರು ಅದನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ ನಗುತ್ತಿದ್ದರು.

ಸಾವುಕಾರನಿಗೆ ಇದರ ಚಿಂತೆಯಿರಲಿಲ್ಲ. ಆತನ ಪ್ರೀತಿಯೆಲ್ಲ ಸ್ಪೀಡೋಮೀಟರಿನ ಮೇಲೆ. ಅದರ ಅಂಕಿಗಳು ಇನ್ನೂರ ಅರವತ್ತರವರೆಗೆ ಇದ್ದವು. ಬಂದ ಬೀಗರನ್ನೆಲ್ಲ ಒಳಗೆ ಕೂಡಿಸಿ, "ನೋಡ್ರಿ, ಎಲ್ಲಿ ತನಕ ಅದ" ಎನ್ನುತ್ತಿದ್ದ. ಮುಳ್ಳು ನಲವತ್ತು ದಾಟಿದ್ದನ್ನು ಆತನೂ ಕಂಡಿರಲಿಲ್ಲ, ಬೀಗರೂ ಕಂಡಿರಲಿಲ್ಲ.

ಒಂದು ದಿನ ಆ ಮುಳ್ಳು ಸೊನ್ನೆಯ ಮೇಲೆ ಮಲಗಿತು. ಗಾಡಿ ಓಡುತ್ತದೆ, ಮುಳ್ಳು ಏಳುವುದಿಲ್ಲ. ಎಷ್ಟು ಕಿಲೋಮೀಟರ್ ಓಡಿತೆಂಬ ಅಂಕಿಯೂ ಮುಂದೆ ಸರಿಯುವುದಿಲ್ಲ. ಹಿಂದಿನ ಜೀಪುಗಳಲ್ಲಿ ಡ್ರೈವರುಗಳು ಮೀಟರಿನ ಕೇಬಲ್ ಬಿಚ್ಚಿಟ್ಟು ಮಾಲೀಕನಿಗೆ ತಿಳಿಯದಂತೆ ಬಾಡಿಗೆಗೆ ಮಂದಿಯನ್ನು ಹೇರುತ್ತಿದ್ದದ್ದು ಎಲ್ಲರಿಗೂ ಗೊತ್ತಿದ್ದ ಆಟ. ಬಸವಂತರಾಯನ ತಲೆ ನೇರ ಅಲ್ಲಿಗೇ ಹೋಯಿತು.

"ಲೇ ಅಂಬ್ಯಾ, ಮೀಟರ್ ಬಿಚ್ಚಿ ಎಲ್ಲಿಗಿ ಹೊಡದಿ ಗಾಡಿ?"

ಡ್ರೈವರ್ ಅಂಬಾರಾಯ ಕೈ ಮುಗಿದ. "ನಿಮ್ಮ ಪಾದದ ಆಣಿರಿ. ಇದರಾಗ ಕೇಬಲ್ಲೇ ಇಲ್ರಿ, ಕರೆಂಟಿನ ಮೀಟರ್ ಅದ."

"ಕರೆಂಟಿಂದು ನಿನಗ ಹ್ಯಾಂಗ ಗೊತ್ತಾತು? ಬಿಚ್ಚಿದ್ದಕ್ಕೇ ಗೊತ್ತಾಗಿದ್ದು."

ಅಂಬಾರಾಯ ಕಾರನ್ನು ದಶರಥನ ಅಂಗಡಿಗೆ ತಂದ. ಬೋರ್ಡಿನ ನಿಯಮ ಬಲ್ಲವನಾದ್ದರಿಂದ ಕಾರಿನ ಮೂತಿ ಬೋಳಾಗಿಯೇ ಇತ್ತು.

ದಶರಥ ಮೊದಲು ಕಾರನ್ನು ಒಂದು ಸುತ್ತು ನೋಡಿ, "ಇದು ಕಾರೋ, ಉಡವೋ?" ಎಂದ. ಆಮೇಲೆ ಕೆಲಸಕ್ಕೆ ಕೂತ. ಇಂಥ ಮೀಟರಿನ ಲೆಕ್ಕ ಸರಳ. ಗೇರ್ ಬಾಕ್ಸಿನ ಮೇಲೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಗಾಲಿ ತಿರುಗಿದಂತೆ ಅದು ಕರೆಂಟಿನ ಸಣ್ಣ ಸಣ್ಣ ಮಿಡಿತಗಳನ್ನು ಒಂದು ವೈರಿನಲ್ಲಿ ಕಳಿಸುತ್ತದೆ. ಮೀಟರು ಆ ಮಿಡಿತಗಳನ್ನು ಎಣಿಸಿ ಮುಳ್ಳನ್ನು ಏರಿಸುತ್ತದೆ. ತಪ್ಪಿದ್ದರೆ ಸೆನ್ಸರಿನಲ್ಲಿರಬೇಕು, ವೈರಿನಲ್ಲಿರಬೇಕು, ಇಲ್ಲವೇ ಮೀಟರಿನಲ್ಲಿರಬೇಕು.

ದಶರಥ ಮುಂದಿನ ಗಾಲಿಯನ್ನು ಜಾಕಿಯ ಮೇಲೆ ಎತ್ತಿ, ಕೈಯಿಂದ ತಿರುಗಿಸುತ್ತ ಮಲ್ಟಿಮೀಟರಿನಲ್ಲಿ ನೋಡಿದ. ಸೆನ್ಸರಿನ ಮಿಡಿತ ಬರುತ್ತಿತ್ತು. ವೈರಿನ ಆ ತುದಿಯಿಂದ ಈ ತುದಿಗೆ ಕರೆಂಟು ಸರಿಯಾಗಿ ಹರಿಯುತ್ತಿತ್ತು. ರಸ್ತೆಯ ಮೇಲೆ ಓಡಿಸಿ ನೋಡಿದರೆ ಮುಳ್ಳು ಚಂದವಾಗಿ ಎದ್ದಿತು.

"ಏನೂ ಆಗಿಲ್ಲ. ಒಯ್ಯಿ."

ಒಯ್ದ. ಕರಜಗಿ ಮುಟ್ಟುವಷ್ಟರಲ್ಲಿ ಮುಳ್ಳು ಸತ್ತಿತ್ತು. ಮರಳಿ ತಂದ. ಅಂಗಡಿಯಲ್ಲಿ ಮುಳ್ಳು ಬದುಕಿತ್ತು. ಅಂಬಾರಾಯನಿಗೆ ತಾನೇ ಹುಚ್ಚನಾಗುತ್ತೇನೇನೋ ಎನಿಸತೊಡಗಿತು. ದಶರಥ ಮತ್ತೊಮ್ಮೆ ಮೊದಲಿನಿಂದ ಅಳೆದ. ತನ್ನ ಅಳತೆಯ ಮೇಲೆ ಆತನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯಕ್ಕೆ ಉಳಿದವನು ಅಂಬಾರಾಯ ಒಬ್ಬನೇ.

ಆ ಹೊತ್ತಿಗೆ ಬಸವಂತರಾಯ ತನ್ನ ಜೀಪಿಗೆ ಎಣ್ಣೆ ಹಾಕಿಸಲು ಅಂಗಡಿಯ ಎದುರಿನ ಪೆಟ್ರೋಲ್ ಪಂಪಿಗೆ ಬಂದಿದ್ದ. ದಶರಥ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಹೋದ.

"ಸಾವ್ಕಾರ್ರೆ, ಗಾಡ್ಯಾಗ ತಪ್ಪಿಲ್ಲ. ಗಾಡ್ಯಾಗ ಇಲ್ಲದ್ದು ಎಲ್ಲಿರ್ತದ, ನೀವೇ ನೋಡ್ರಿ."

ಅಷ್ಟೇ ಸಾಕಾಯಿತು. ಲಾರಿಯವರು, ಟ್ರ್ಯಾಕ್ಟರಿನವರು, ಚಹಾ ಕುಡಿಯುತ್ತಿದ್ದವರು ಎಲ್ಲರೂ ಕೇಳುವಂತೆ ಬಸವಂತರಾಯ ಅಂಬಾರಾಯನನ್ನು ಪಂಪಿಗೇ ಕರೆಸಿ, ಕಳ್ಳ ಎಂದು ಜರೆದು ಕೀಲಿ ಕಸಿದುಕೊಂಡ. ಜೀಪನ್ನು ಅಲ್ಲೇ ಬಿಟ್ಟು, ಕಾರನ್ನು ತಾನೇ ಎಳೆದಾಡುತ್ತ ಊರಿಗೆ ನಡೆಸಿದ. ದಾರಿಯುದ್ದಕ್ಕೂ ಮುಳ್ಳು ಎದ್ದೇ ಇತ್ತು. ಅಂಬಾರಾಯ ಕಳ್ಳ ಎನ್ನಲು ಆತನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಡ್ರೈವರಿಗೆ ಒಮ್ಮೆ ಮೀಟರ್ ಕಳ್ಳ ಎಂಬ ಹೆಸರು ಬಂತೆಂದರೆ ಆಮೇಲೆ ಜೇವರ್ಗಿಯವರೆಗೆ ಯಾರೂ ಅವನ ಕೈಗೆ ಕೀಲಿ ಕೊಡುವುದಿಲ್ಲ. ಅಂಬಾರಾಯ ಕಬ್ಬು ಕಡಿಯುವವರ ಜೊತೆ ಹೊರೆ ಹೊರಲು ಹೋದ.

ಕೆಲವು ದಿನಗಳ ಮೇಲೆ ಅವನ ಹೆಂಡತಿ ಸಾಬವ್ವ ದಶರಥನ ಅಂಗಡಿಗೆ ಬಂದಳು. ಬಂದವಳು ನಮಸ್ಕಾರ ಮಾಡಲಿಲ್ಲ.

"ನನ್ನ ಗಂಡ ಕಳ್ಳ ಅಂತ ಹೇಳಿದ ಮಿಸ್ತ್ರಿ ನೀವೇ ಏನ್ರಿ?"

"ನಾ ಹಂಗ ಅಂದಿಲ್ಲ. ಗಾಡ್ಯಾಗ ತಪ್ಪಿಲ್ಲ ಅಂದೇನಿ."

"ಅಕ್ಕಿಯಾಗ ಹರಳಿಲ್ಲ ಅಂದ್ರ, ಹರಳು ಉಣ್ಣಾವನ ಬಾಯಾಗ ಇತ್ತು ಅಂತ ಅರ್ಥ ಅಲ್ಲೇನ್ರಿ?"

ದಶರಥ ತಾನು ಕೂತಿದ್ದ ಸ್ಟೂಲನ್ನು ಆಕೆಯ ಕಡೆ ಸರಿಸಿದ. ಅಂಗಡಿಯಲ್ಲಿದ್ದವರು ಇದನ್ನು ಮೊದಲ ಸಲ ನೋಡಿದರು.

"ಈಗ ಕೇಳ್ರಿ. ನನ್ನ ಗಂಡ ಕೀಲಿ ಕೊಟ್ಟ ಮ್ಯಾಲ ಆ ಅಂಗಳಕ್ಕ ಕಾಲಿಟ್ಟಿಲ್ಲ. ನಾ ಸಾವ್ಕಾರ್ರ ಮನ್ಯಾಗ ದನದ ಕೆಲಸ ಮಾಡ್ತೇನಿ, ಸಾವ್ಕಾರ್ರು ಅಂಗಳದಾಗ ಗಾಡಿ ಓಡಸೋ ಮುಂದ ಕಣ್ಣಿಲೆ ನೋಡೇನಿ. ಆ ಮೀಟರ್ ಮತ್ತ ಸತ್ತು ಬಿದ್ದದ. ಸಾವ್ಕಾರ್ರು ಬಾಯಿ ಬಿಡವಲ್ರು. ನಿಮ್ಮ ಮುಂದ ಅದು ಮಾವನ ಮುಂದಿನ ಸೊಸಿ ಇದ್ದಂಗ ಇರ್ತದ. ಮನ್ಯಾಗ ಹ್ಯಾಂಗಿರ್ತದ ಅಂತ ಮನಿಗೆ ಬಂದೇ ನೋಡಬೇಕು."

ದಶರಥ ಮರುದಿನ ಬಸ್ಸು ಹಿಡಿದು ಕರಜಗಿಗೆ ಹೋದ. ಇನ್ನೊಬ್ಬರ ಅಂಗಳಕ್ಕೆ ಹೋಗಿ ಕೆಲಸ ಮಾಡುವ ರೂಢಿ ಆತನಿಗಿರಲಿಲ್ಲ. ಆದರೆ ಡ್ರೈವರ್ ಇಲ್ಲದಾಗಲೂ ಮುಳ್ಳು ಸಾಯುತ್ತದೆಂದರೆ ತನ್ನ ಮಾತು ತಪ್ಪು. ಅದನ್ನು ಅಳೆಯದೆ ಬಿಡುವ ರೂಢಿಯೂ ಇರಲಿಲ್ಲ.

ಕಾರು ಸಗಣಿ ಕುಳ್ಳಿನ ರಾಶಿಯ ಪಕ್ಕ ತಗಡಿನ ಕೆಳಗೆ ನಿಂತಿತ್ತು. ಅದನ್ನು ನಡೆಸುವುದು ತನ್ನಿಂದಾಗದೆಂದು ಬಸವಂತರಾಯನಿಗೆ ಅಷ್ಟರಲ್ಲಿ ಅರಿವಾಗಿತ್ತು. ದಶರಥ ಗಾಲಿ ಎತ್ತಿ ತಿರುಗಿಸಿದ. ಮುಳ್ಳು ಅಲುಗಲಿಲ್ಲ. ಸೆನ್ಸರ್ ಜೀವಂತವಿತ್ತು, ಆದರೆ ಮಿಡಿತ ಬರಬೇಕಾದ ವೈರು ಎಲ್ಲೋ ಗಾಡಿಯ ಕಬ್ಬಿಣಕ್ಕೆ ತಾಗಿ ಅರ್ತಿಂಗ್ ಆಗಿತ್ತು; ಮಿಡಿತ ಮೀಟರನ್ನು ಮುಟ್ಟುತ್ತಿರಲಿಲ್ಲ. ಆತ ಮಲಗಿ ಆ ವೈರನ್ನು ಬೆರಳಿನಿಂದ ಮುಟ್ಟುತ್ತ, ಗೇರ್ ಬಾಕ್ಸಿನಿಂದ ಮುಂದಕ್ಕೆ, ಕಾರಿನ ಮೂತಿಯವರೆಗೆ ಬಂದ. ಅಲ್ಲಿ ಬೆರಳಿಗೆ ಮೆತ್ತಗೆ ಏನೋ ಹತ್ತಿತು.

ಲಿಂಬೆಕಾಯಿ.

ಲಾರಿಗಾದರೆ ಲಿಂಬೆಕಾಯಿ ಕಟ್ಟಲು ಮುಂದೆ ಕಬ್ಬಿಣದ ಬಂಪರ್ ಇರುತ್ತದೆ. ಈ ಕಾರಿನ ಮೂತಿ ಪೂರ್ತಿ ನುಣ್ಣನೆಯ ಪ್ಲಾಸ್ಟಿಕ್. ಕಟ್ಟಲು ಜಾಗವಿಲ್ಲದೆ ಅಂಬಾರಾಯ ಗಾಳಿ ಹೋಗಲೆಂದು ಬಿಟ್ಟ ಜಾಳಿಗೆಯೊಳಗೆ ಕೈ ಹಾಕಿ, ಸಿಕ್ಕ ವೈರುಗಳ ಕಟ್ಟಿಗೆ, ಅದರ ಪಕ್ಕದ ಕಬ್ಬಿಣದ ಪಟ್ಟಿಗೆ ಸೇರಿಸಿ, ಲಿಂಬೆ ಪೋಣಿಸಿದ ತಂತಿಯನ್ನೇ ಬಿಗಿದಿದ್ದ. ಗಾಡಿ ಕುಲುಕಿದಂತೆಲ್ಲ ತಂತಿ ಒಂದು ವೈರಿನ ಮೇಲ್ಪದರವನ್ನು ಕೊರೆಯುತ್ತ ಹೋಗಿ, ಕಡೆಗೆ ಒಳಗಿನ ತಾಮ್ರವನ್ನು ಮುಟ್ಟಿತ್ತು. ತಂತಿ ಕಟ್ಟಿದಾಗ ಮಿಡಿತವೆಲ್ಲ ಗಾಡಿಯ ಕಬ್ಬಿಣಕ್ಕೆ ಇಳಿಯುತ್ತಿತ್ತು. ಬಿಚ್ಚಿದಾಗ ಸೂಜಿಮೊನೆಯಷ್ಟು ತಾಮ್ರ ಗಾಳಿಯಲ್ಲಿ ಸುಮ್ಮನೆ ಉಳಿಯುತ್ತಿತ್ತು, ಎಲ್ಲವೂ ಸರಿ.

"ಇದನ್ನ ಯಾವಾಗ ಕಟ್ಟಿದ್ರಿ?" ಎಂದು ಕೇಳಿದ.

ಕಟ್ಟೆಯ ಮೇಲೆ ಕೂತಿದ್ದ ಸುಭದ್ರಾಬಾಯಿ, ಬಸವಂತರಾಯನ ತಾಯಿ, ಹೇಳಿದರು: "ಮದಲಿಂದ ಕಟ್ಟಸ್ತೇನಿ. ಕೆಂಪು ಗಾಡಿ, ದೃಷ್ಟಿ ಭಾಳ. ನಿಮ್ಮ ಅಂಗಡಿಗೆ ಬರೋ ಮುಂದ ಮಾತ್ರ ಅಂಬಾರಾಯ ಬಿಚ್ಚಿ ಡಿಕ್ಕ್ಯಾಗ ಇಟಗೋತಿದ್ದ. ಮಿಸ್ತ್ರಿ ಬೈತಾನ ಅಂತಿದ್ದ. ನಾ ಬೈತೇನಿ ಅಂತ ಬರೋವಾಗ ಮತ್ತ ಕಟ್ಟತಿದ್ದ. ಅಂವ ಹೋದ ಮ್ಯಾಲ ಆಳಿನ ಕೈಲೆ ಅದೇ ಜಾಗಕ್ಕ ಕಟ್ಟಿಸೇನಿ."

ದಶರಥ ಎದ್ದು ಕೂತ. ತಾನು ಅಳೆದದ್ದೆಲ್ಲ ಸರಿ. ಆದರೆ ಅಳೆದದ್ದು ಕೆಟ್ಟ ಗಾಡಿಯನ್ನಲ್ಲ. ರೋಗವನ್ನು ಹೊರಗೆ ಬಿಚ್ಚಿಟ್ಟು ಒಳಗೆ ಬರಬೇಕೆಂದು ಬೋರ್ಡು ಬರೆಸಿದವನು ತಾನೇ. ಬಿಚ್ಚಿದ; ಗಾಲಿ ತಿರುಗಿಸಿದ; ಮುಳ್ಳು ಎದ್ದಿತು. ಕಟ್ಟಿದ, ಬಿತ್ತು. ನಂಬಿಕೆಗೆ ಇನ್ನೊಮ್ಮೆ ಮಾಡಿದ.

ನೋಡುತ್ತ ನಿಂತಿದ್ದ ಬಸವಂತರಾಯನ ಮುಖ ಅರಳಿತು. "ಅಂದ್ರ ಅಂಬ್ಯಾನೇ ಕೆಡಿಸಿದಂಗಾತು. ನಾ ಅಂದಿದ್ದು ಖರೇ ಆತಲ್ಲ."

"ಕಟ್ಟಿಸಿದವರು ನಿಮ್ಮ ಅವ್ವ. ಬಿಚ್ಚಿಸಿದವ ನಾ. ಅಂವ ಇಬ್ಬರ ಮಾತೂ ಕೇಳ್ಯಾನ. ಅಂವ ಮಾಡಿದ ಕಳವು ಅದೊಂದೇ."

"ಆತು ಬಿಡು. ಟೇಪ್ ಸುತ್ತಿ ಸರಿ ಮಾಡು. ನಾಳಿಂದ ಬಾ ಅಂತ ಅಂವಗ ಹೇಳಿ ಕಳಸ್ತೇನಿ."

"ಇಲ್ಲಿ ಸುತ್ತಂಗಿಲ್ಲ," ಎಂದ ದಶರಥ, ಹತ್ಯಾರುಗಳನ್ನು ಚೀಲಕ್ಕೆ ತುಂಬುತ್ತ. "ಪಂಪಿನ್ಯಾಗ ಸುತ್ತತೇನಿ. ಕಳ್ಳ ಅಂದ ಜಾಗದಾಗ."

"ನನಗ ಹುಕುಂ ಮಾಡ್ತಿಯೇನು?"

"ಬ್ಯಾಡ ಅಂದ್ರ ಬಿಡ್ರಿ. ಮೀಟರ್ ಇಲ್ಲದೇನೂ ಗಾಡಿ ಓಡ್ತದ. ಬೀಗರಿಗೆ ಸೊನ್ನಿ ತೋರಸ್ರಿ."

ಬೀಗರ ಹೆಸರು ಕೇಳಿ ಬಸವಂತರಾಯ ಕೀಲಿ ಹುಡುಕಿದ. ಆ ದಿನ ಆತ ಕಾರನ್ನು ಅಫಜಲಪುರದವರೆಗೆ ಹೇಗೆ ತಂದನೆಂಬುದನ್ನು ಹೇಳದಿರುವುದೇ ಮೇಲು. ಪಕ್ಕದಲ್ಲಿ ಕೂತಿದ್ದ ದಶರಥ ದಾರಿಯಲ್ಲಿ ಆತನಿಗೆ ಒಂದೇ ಮಾತು ಹೇಳಿದ: "ಅದು ಬ್ರೇಕ್ ಅಲ್ರಿ." ನಡುವೆ ಹೊಲದ ಹತ್ತಿರ ನಿಲ್ಲಿಸಿ, ಪಂಪಿಗೆ ಬರಲು ಅಂಬಾರಾಯನಿಗೆ ಹೇಳಿಯೂ ಬಂದಿದ್ದರು. ಅವನು ಹೊರೆ ಇಳಿಸಿ, ರೊಟ್ಟಿ ಕೊಡಲು ಹೊಲಕ್ಕೆ ಬಂದಿದ್ದ ಸಾಬವ್ವನನ್ನೂ ಕರೆದುಕೊಂಡು, ಹಿಂದೆ ಬಂದ ಟ್ರ್ಯಾಕ್ಟರ್ ಹತ್ತಿದ. ಅವರೇ ಮೊದಲು ಮುಟ್ಟಿದರು.

ದಶರಥ ಪಂಪಿನ ಮುಂದೆ ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿದ. ಮಂದಿ ಕೂಡಿತು. "ಏನಾಗಿತ್ತು ಮಿಸ್ತ್ರಿ?" ಎಂದು ಯಾರೋ ಕೇಳುವುದನ್ನೇ ಕಾಯುತ್ತಿದ್ದವನಂತೆ, ಟೇಪ್ ಸುತ್ತುತ್ತ, ಎಲ್ಲರಿಗೂ ಕೇಳುವಂತೆ ಕೆಳಗಿನಿಂದಲೇ ಹೇಳಿದ. ಲಿಂಬೆಕಾಯಿಯ ತಂತಿಯ ವಿಷಯ ಹೇಳಿದ. ಅದನ್ನು ಅಂಬಾರಾಯ ಯಾರ ಯಾರ ಅಂಜಿಕೆಗೆ ಕಟ್ಟುತ್ತಿದ್ದ, ಬಿಚ್ಚುತ್ತಿದ್ದ ಎಂಬುದನ್ನೂ ಹೇಳಿದ.

"ಅಂಬಾರಾಯ ಮೀಟರ್ ಮುಟ್ಟಿಲ್ಲ. ಗಾಡ್ಯಾಗ ತಪ್ಪಿತ್ತು, ನಾ ನೋಡಲಿಲ್ಲ. ನೋಡಲಾರದೇ ಹೇಳಿದೆ. ದಡ್ಡರು ಭಾಳ ಮಂದಿ ಬರ್ತಾರ ನನ್ನ ಅಂಗಡಿಗೆ. ಅವತ್ತು ಒಬ್ಬ ಒಳಗೇ ಕೂತಿದ್ದ."

ಮಂದಿ ನಕ್ಕಿತು. ಆಮೇಲೆ ಎಲ್ಲರ ಕಣ್ಣು ಸಾವುಕಾರನ ಕಡೆ ತಿರುಗಿತು. ಆತ ಇನ್ನೂ ಕಾರಿನ ಒಳಗೇ ಕೂತಿದ್ದ. ಕಿಡಕಿಯಿಂದ ಕೀಲಿ ಹಿಡಿದ ಕೈ ಮಾತ್ರ ಹೊರಗೆ ಚಾಚಿ, "ತಗೋಪಾ" ಎಂದ.

ಅಂಬಾರಾಯ ಕೈ ಮುಂದೆ ಮಾಡಲಿಲ್ಲ. ಸಾಬವ್ವ ಗಂಡನಿಗಿಂತ ಒಂದು ಹೆಜ್ಜೆ ಮುಂದೆ ನಿಂತು ಹೇಳಿದಳು: "ಅವತ್ತು ನಿಂತು ಅಂದೀರ್ರಿ ಸಾವ್ಕಾರ್ರೆ. ಇವತ್ತೂ ನಿಂತೇ ಅನ್ರಿ."

ಅಂಥ ಕಾರಿನಿಂದ ದೊಡ್ಡ ಹೊಟ್ಟೆಯವನು ಏಳುವುದು ಸುಲಭವಲ್ಲ. ಮೊದಲು ಒಂದು ಕಾಲು ಬಂತು, ಆಮೇಲೆ ರುಮಾಲು ಬಾಗಿಲಿಗೆ ಬಡಿದು ಬಿತ್ತು, ಕಡೆಗೆ ಬಸವಂತರಾಯ ಬಂದ. ಯಾರೂ ಕೈ ಕೊಡಲಿಲ್ಲ. ಧೋತರ ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ, "ಅಂಬಾರಾಯ ಕಳ್ಳ ಅಲ್ಲ. ನಾ ತಪ್ಪು ಅಂದೆ" ಎಂದ. ಮೆಲ್ಲಗೇ ಅಂದ. ಆದರೂ ಟ್ರ್ಯಾಕ್ಟರಿನವರೆಗೆ ಕೇಳಿಸಿತು.

ಅಂಬಾರಾಯ ಕೀಲಿ ತೆಗೆದುಕೊಂಡು, ಹೆಗಲ ಮೇಲಿನ ಕಬ್ಬಿನ ರವದಿಯ ಒಣಗರಿ ಝಾಡಿಸಿ, ಕಾರಿನಲ್ಲಿ ಕೂತ. "ಬರ್ರಿ" ಎಂದು ಸಾವುಕಾರನಿಗೆ ಪಕ್ಕದ ಬಾಗಿಲು ತೆರೆದುಕೊಟ್ಟ.