ಟಿವಿಯ ಕುಬಸ, ನಮ್ಮ ಮನೆಯ ಕುಬಸ

ಆ ಧಾರಾವಾಹಿ ನಮ್ಮ ಓಣಿಗೆ ಬುದ್ಧಿ ಕಲಿಸಿತು ಎಂದು ಮಸಗುಪ್ಪಿಯಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ನಾವೇ ಅದಕ್ಕೆ ಕಲಿಸಿದ್ದು. ಅದು ತಿರುಗಿ ನಮಗೆ ತೋರಿಸಿದಾಗ ನುಂಗುವುದು ಕಷ್ಟವಾಯಿತು.

ಬಸುರಿ ಮೊಮ್ಮಗಳು ಘೋಡಗೇರಿಯ ಗಂಡನ ಮನೆಯಿಂದ ಕುಬಸಕ್ಕೆಂದು, ಸೀಮಂತದ ಶಾಸ್ತ್ರಕ್ಕೆಂದು, ಬಂದಿದ್ದಳು. ಧಾರಾವಾಹಿಯ ನಾಯಕಿಯೂ ಬಸುರಿ. ಮೈತುಂಬ ಬಂಗಾರ ಹೇರಿಕೊಂಡು ದಿನಾ ಮಾಳಿಗೆ ಹತ್ತಿ ಇಳಿಯುತ್ತಿದ್ದಳು; ಅದನ್ನು ಯಾರೂ ಕೇಳಲಿಲ್ಲ. ಆದರೆ ಅವಳ ಕುಬಸದ ದಿನ ಮುತ್ತೈದೆಯರು ಉಡಿ ತುಂಬುವಾಗ, ಗಂಡ ಸತ್ತ ಅವಳ ತಾಯಿ ಬಾಗಿಲ ಮರೆಯಲ್ಲಿ ನಿಂತು ಅತ್ತಳು. ಮೊಮ್ಮಗಳ ತಾಯಿ, ನನ್ನ ಸೊಸೆ, ಎದ್ದು ಭಾಂಡೆ ತಿಕ್ಕಲು ಹೋದಳು. ನನ್ನ ಮಗ ತೀರಿಕೊಂಡ ಮೇಲೆ ಅವಳೂ ಯಾರ ಉಡಿಯನ್ನೂ ತುಂಬಿರಲಿಲ್ಲ.

ಮೊಮ್ಮಗಳಿಗೆ ಸಿಟ್ಟು ಬಂತು. ಆ ಧಾರಾವಾಹಿ ನೋಡುವವರದೊಂದು ಮೊಬೈಲ್ ಗುಂಪಿದೆ. ಗೋಕಾಕ, ಹುಕ್ಕೇರಿ ಕಡೆಯ ಹೆಂಗಸರೆಲ್ಲ ಅದರಲ್ಲಿದ್ದಾರೆ, ಧಾರಾವಾಹಿಯವರೂ ಇದ್ದಾರಂತೆ. ಅದಕ್ಕೆ ದನಿ ಕಳಿಸಲು ಫೋನನ್ನು ನನ್ನ ಬಾಯಿಗೆ ಹಿಡಿದಳು.

"ಆಯಿ, ನೀನs ಹೇಳ."

"ಹಡದಾಕಿನ್ನ ಬಾಗಲ ಹಿಂದ ನಿಲ್ಲಸ್ತೀರಲ್ಲ, ನಾಚಿಕಿ ಬರಂಗಿಲ್ಲೇನ ನಿಮಗ? ಆಕಿ ಉಡಿ ತುಂಬೂತನಾ ನಾವು ಟಿವಿ ಹಚ್ಚಂಗಿಲ್ಲ" ಎಂದೆ.

ಹಚ್ಚುವುದೇನೂ ಬಿಡಲಿಲ್ಲ. ಆದರೆ ಗುಂಪಿನವರೆಲ್ಲ ಧಾರಾವಾಹಿಯವರಿಗೆ ಹೀಗೇ ಬೈದು ಕಳಿಸಿದರು. ಬಾಜೂ ಮನೆಯವಳು ನನಗಿಂತ ಜೋರು. ಕೆಲವು ವಾರಗಳಲ್ಲಿ ಧಾರಾವಾಹಿಯವರು ಎರಡನೆಯ ಕುಬಸವನ್ನೇ ಇಟ್ಟು, ಆ ತಾಯಿಯನ್ನು ಕರೆದು ಉಡಿ ತುಂಬಿಸಿದರು. ಬಾಜೂ ಮನೆಯವಳು ಸೆರಗು ತೋಯುವಷ್ಟು ಅತ್ತಳು.

ನಮ್ಮ ಕುಬಸದ ಹಿಂದಿನ ಸಂಜೆ ಅವಳೇ ಹಸಿರು ಬಳೆ ಜೋಡಿಸುತ್ತ, "ಕಾಕಿ, ನಾಳಿ ನಿಮ್ಮ ಸೊಸಿ ಒಳಗs ಇರ್ಲಿರಿ. ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?" ಎಂದಳು.

"ಟಿವ್ಯಾಗಿನ ಕೂಸಿಗೆ ಏನೂ ಆಗ್ಲಿಲ್ಲಲ್ಲ?"

"ಅದು ಆಟರಿ. ಇದು ಮನಿ."

"ಆಟದಾಕಿಗೆ ಸೆರಗ ಹಸಿ ಮಾಡ್ಕೊಂಡಿ. ಒಳಗ ರೊಟ್ಟಿ ಬಡ್ಯಾಕತ್ತಾಕಿಗೆ ಒಂದ ಹನಿ ಇಲ್ಲೇನ?"

ಅವಳು ಜೋಡಿಸಿಟ್ಟ ಬಳೆಗಳನ್ನೇ ತೆಗೆದು ಮತ್ತೆ ಜೋಡಿಸಿದಳು. ಕೆಟ್ಟವಳಲ್ಲ. ಅವಳ ಬಸಿರು ಎರಡು ಸಲ ನಿಂತಿರಲಿಲ್ಲ. ಅಂಜಿಕೆ ಖರೆ ಇತ್ತು. ಒಳಗೆ ರೊಟ್ಟಿಯ ಸದ್ದು ನಿಂತಿತು.

"ಬ್ಯಾಡ್ರಿ ಅತ್ತಿ, ನಾ ಒಳಗs ಇರ್ತೇನಿ" ಎಂದಳು ಸೊಸೆ.

ಮರುದಿನ ಮುಂಜಾನೆ ಮೊಮ್ಮಗಳು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಳು. ಮನೆಯ ಹಿರಿಯ ಮುತ್ತೈದೆ ನಾನು. ಮೊದಲು ನಾನೇ ತುಂಬಬೇಕು. ಸೊಸೆಯನ್ನು ರಟ್ಟೆ ಹಿಡಿದು ಹೊರಗೆ ಕರೆತಂದೆ. ಅಕ್ಕಿ, ಕೊಬ್ಬರಿ ಬಟ್ಟಲು ಇದ್ದ ಮೊರವನ್ನು ಅವಳ ಕೈಗೆ ಕೊಟ್ಟೆ. ಅವಳು ಮಗಳ ಉಡಿ ತುಂಬಿದ ಮೇಲೆ ನಾನು ತುಂಬಿದೆ. ಆಮೇಲೆ ಮೊರವನ್ನು ಬಾಜೂ ಮನೆಯವಳ ಮುಂದೆ ಹಿಡಿದೆ.