ತುಂಬದೇ ಹೊರಟ ಮೆಟ್ರೊ

ಹೈದರಾಬಾದಿನ ಮಿಯಾಪುರದಲ್ಲಿ ಮೆಟ್ರೊ ನಿಂತಿತ್ತು. ನನ್ನೆದುರು ಮನೂರೆಂಬ ಹಳ್ಳಿಯಿಂದ ಆಸ್ಪತ್ರೆಗೆ ಬಂದ ಅಜ್ಜ, ಅಜ್ಜಿ. ಅವರೂರಿನ ಶೇರ್ ಆಟೋ ತುಂಬುವವರೆಗೂ ಕದಲುವುದಿಲ್ಲ. ಅದೇ ಲೆಕ್ಕದಲ್ಲಿ ಅಜ್ಜ ಬಾಟಲಿ ಹಿಡಿದು ಎದ್ದರು. “ಗಾಡಿ ಇನ್ನಾ ಖಾಲಿನೇ ಅದ, ನೀರು ತರ್ತೀನಿ.”

ಅವರು ಇಳಿದದ್ದೇ ತಡ, ಬಾಗಿಲು ಮುಚ್ಚಿತು. ರೈಲು ಹೊರಟಿತು. ಆಟೋ ನಿಲ್ಲಿಸುವವರಂತೆ ಅಜ್ಜ ಬೋಗಿಗೆ ಅಂಗೈಯಿಂದ ಬಡಿಯುತ್ತ ಓಡತೊಡಗಿದರು.

“ಓಡಬ್ಯಾಡ್ರಿ!” ಅಜ್ಜಿ ಗಾಜಿಗೆ ಮುಖವಿಟ್ಟು ಚೀರಿದರು. ನನ್ನತ್ತ ತಿರುಗಿ, “ಎದಿ ಆಪರೇಶನ್ ಆಗ್ಯಾದ್ರಿ ಅವ್ರಿಗಿ. ಗುಳಿಗಿ ನನ್ನ ಚೀಲದಾಗ ಅವ” ಎಂದರು.

ಮುಂದಿನ ನಿಲ್ದಾಣದಲ್ಲಿ ಇಬ್ಬರೂ ಇಳಿದು ಕಾದೆವು. ಅಜ್ಜಿ ಹಳಿಯಿಂದ ಕಣ್ಣು ಕೀಳಲಿಲ್ಲ. ಮತ್ತೊಂದು ಮೆಟ್ರೊ ಬಂತು. ಬಾಗಿಲ ಬಳಿಯೇ ಅಜ್ಜ, ಎರಡೂ ಕೈಯಿಂದ ಕಂಬ ತಬ್ಬಿಕೊಂಡು ನಿಂತಿದ್ದರು.

“ಇಳೀರಿ” ಎಂದೆ.

“ನಾ ಇಳ್ಯಂಗಿಲ್ಲ!” ಎಂದು ಏದುಸಿರಲ್ಲೇ ಹೆಂಡತಿಯನ್ನು ಗದರಿದರು. “ಏ, ನೀನೇ ಹತ್ತು, ಜಲ್ದಿ!”