ಹೊಳೆಯ ಮೇಲೆ ಬಡಿದ ಕಬ್ಬಿಣ

ನಾನಿನ್ನೂ ಚಿಕ್ಕವನಿದ್ದಾಗ ನರಿಕೊಂಬಿನ ನಮ್ಮ ಮನೆಯಲ್ಲಿ ಒಂದು ಗಡಿಯಾರಕ್ಕಾಗಿ ದೊಡ್ಡ ಜಗಳವೇ ಆಗಿತ್ತು, ಮಕ್ಕಳೇ. ಅಪ್ಪ ಶಾಲೆಯ ಮೇಷ್ಟ್ರು. ಆದರೆ ಅವರ ಹುಚ್ಚೆಲ್ಲ ಕಬ್ಬಿಣದ ಮೇಲೆ. ಹಿತ್ತಿಲಲ್ಲಿ ಸೋಗೆ ಹೊದಿಸಿದ ಮಾಡಿನಡಿ ಕುಲುಮೆ ಹೂಡಿ, ಲಾರಿಯ ಹಳೆಯ ಪಟ್ಟಿ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ಬಡಿದು, ತಾವೇ ಒಂದು ಗೋಡೆ ಗಡಿಯಾರ ಮಾಡುತ್ತಿದ್ದರು. ಹಲ್ಲಿನ ಚಕ್ರ, ಲೋಲಕ, ಮುಳ್ಳು ಎಲ್ಲ ಮುಗಿದಿದ್ದವು. ಚಕ್ರವನ್ನು ತಡೆದು ತಡೆದು ಬಿಡುವ ಕೊಕ್ಕೆಯೊಂದು ಬಾಕಿ. ಟಿಕ್ ಟಿಕ್ ಎಂಬ ಸದ್ದು ಹುಟ್ಟುವುದೇ ಅದರಿಂದ.

ನಾವಿದ್ದದ್ದು ಅಮ್ಮನ ತವರುಮನೆಯಲ್ಲಿ. ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಮನೆಯ ಯಜಮಾನರು. ಸುತ್ತಿಗೆಯ ಸದ್ದು ಕೇಳಿದರೇ ಅವರಿಗೆ ಮೈ ಉರಿಯುತ್ತಿತ್ತು. "ಕೆಡ್ಡಸ ಮುಗಿದ ಮರುದಿನವೇ ಆ ಮಾಡು ಕೀಳಿಸ್ತೇನೆ. ಅಲ್ಲಿ ದನ ಕಟ್ಲಿಕ್ಕುಂಟು," ಎಂದುಬಿಟ್ಟರು. ಕೆಡ್ಡಸವೆಂದರೆ ನಮ್ಮಲ್ಲಿ ಭೂಮಿತಾಯಿ ದಣಿವಾರಿಸಿಕೊಳ್ಳುವ ದಿನಗಳು. ಆಗ ನೆಲ ಅಗೆಯಬಾರದು, ನೆಲಕ್ಕೆ ಪೆಟ್ಟು ಹಾಕಬಾರದು. ಮಾವ ಹಾಗೆ ಹೇಳಿದ್ದು ಕೆಡ್ಡಸ ಶುರುವಾದ ಬೆಳಿಗ್ಗೆಯೇ. ಅಂದರೆ ಕೊಕ್ಕೆ ಬಡಿಯಲು ಅಪ್ಪನಿಗೆ ಒಂದು ದಿನವೂ ಉಳಿಯಲಿಲ್ಲ. ಎಂಥ ಕಿತಾಪತಿ ನೋಡಿ!

"ಪೆಟ್ಟು ಬೀಳುವುದು ಕಬ್ಬಿಣಕ್ಕೆ ಭಾವ, ಭೂಮಿಗಲ್ಲ," ಎಂದರು ಅಪ್ಪ.

"ನಿಮ್ಮ ಅಡಿಗಲ್ಲು ಆಕಾಶದಲ್ಲಿ ಉಂಟಾ? ನೆಲದ ಮೇಲೆಯೇ ಅಲ್ವಾ?" ಮಾವ ಚಾವಡಿಯಿಂದಲೇ ಗುಡುಗಿದರು.

ಅಪ್ಪನ ಮುಖ ಕೆಂಪಾಯಿತು. ಒಳಗೆ ಅಮ್ಮ ಅಕ್ಕಿ ಹುರಿದು ಬೆಲ್ಲ ಬೆರೆಸುತ್ತಿದ್ದರು. ಆ ಘಮಕ್ಕೆ ನನ್ನ ಬಾಯಲ್ಲಿ ನೀರೂರಿತು. ಅಪ್ಪ ಅಡಿಗಲ್ಲನ್ನು ಹೆಗಲಿಗೇರಿಸಿ ಹೊಳೆಗೆ ನಡೆದರು. ನಮ್ಮ ಪುಟ್ಟ ದೋಣಿಯಲ್ಲಿ ಅದನ್ನಿಟ್ಟು, ಪಕ್ಕದಲ್ಲಿ ಬಾಣಲೆ ತುಂಬ ತೆಂಗಿನ ಗೆರಟೆಯ ಕೆಂಡ ಇಟ್ಟರು. ಅಕ್ಕ ಬಿದಿರ ಜಲ್ಲೆ ಹಿಡಿದು ದೋಣಿಯನ್ನು ನಡುಹೊಳೆಗೆ ನೂಕಿದಳು.

ನೇತ್ರಾವತಿಯ ಮೇಲೆ ಠಣ್ ಠಣ್ ಎಂದು ಸುತ್ತಿಗೆ ಬೀಳತೊಡಗಿತು. ಪೆಟ್ಟಿಗೊಮ್ಮೆ ದೋಣಿ ಓಲಾಡುತ್ತಿತ್ತು. ಕಿಡಿಗಳು ನೀರಿಗೆ ಬಿದ್ದು ಚುಂಯ್ ಎನ್ನುತ್ತಿದ್ದವು. ದಡದಲ್ಲಿ ನನ್ನ ಪಕ್ಕ ಮಾವ ಸಿಟ್ಟಿನಿಂದ ಕುಣಿಯುತ್ತಿದ್ದರು.

"ನಾಚಿಕೆ ಇಲ್ವಾ ಮಾರಾಯ್ರೇ ನಿಮಗೆ? ಇಳಿಯಿರಿ ಕೆಳಗೆ!"

"ಇಳಿದರೆ ಅಲ್ಲಿ ನೆಲ ಉಂಟು ಭಾವ. ಇಲ್ಲಿ ಬರೀ ನೀರು!" ಅಪ್ಪ ಕೂಗಿದರು.

ಮಾವ ಬಿರಬಿರನೆ ಮನೆಯತ್ತ ತಿರುಗಿದರು. ನನಗಾದ ಖುಷಿ ಅಷ್ಟಿಷ್ಟಲ್ಲ.

ಅಪ್ಪ ಕೊಕ್ಕೆಯನ್ನು ಅರದಿಂದ ತಿಕ್ಕಿ ನುಣುಪು ಮಾಡಿ ಕೂರಿಸಿದರು. ಸಂಜೆ ಉಣ್ಣುವ ಜಾಗದ ಗೋಡೆಯಲ್ಲಿ ಗಡಿಯಾರ ಓಡಿತು. ಆದರೆ ಕೆಡ್ಡಸ ಮುಗಿದ ಮರುದಿನ ಮಾವ ಮಾಡು ಕೀಳಿಸಿಯೇ ಬಿಟ್ಟರು. ಅಪ್ಪ ಮತ್ತೆ ಸುತ್ತಿಗೆ ಹಿಡಿಯಲಿಲ್ಲ. ಗಡಿಯಾರವನ್ನು ಗೋಡೆಯಿಂದ ಇಳಿಸಲು ಮಾತ್ರ ಅಮ್ಮ ಬಿಡಲಿಲ್ಲ. ಮಾವ ಸಾಯುವವರೆಗೂ ಅದರತ್ತ ಕಣ್ಣೆತ್ತಿ ನೋಡಲಿಲ್ಲ. ಬಿ.ಸಿ.ರೋಡ್ ಪೇಟೆಗೆ ಹೊರಡುವಾಗ ಗಂಟೆ ಎಷ್ಟೆಂದು ಬೇಲಿಯಾಚೆಯ ನೆರೆಮನೆಯವರನ್ನು ಕೂಗಿ ಕೇಳುತ್ತಿದ್ದರು! ಮಾವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ನಿಮಗೀಗ ಕೈಯಲ್ಲೂ ಫೋನಿನಲ್ಲೂ ಗಂಟೆ ಕಾಣುತ್ತದೆ. ಸಿಟ್ಟು ಬಂದರೆ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿ, ಕೋಣೆಯ ಬಾಗಿಲು ಹಾಕಿಕೊಳ್ಳುತ್ತೀರಿ. ನಮಗೆ ಹಾಕಿಕೊಳ್ಳಲು ಬೇರೆ ಬಾಗಿಲಿರಲಿಲ್ಲ. ಅಪ್ಪ, ಮಾವ ಇಬ್ಬರೂ ಅದೇ ಗಡಿಯಾರದ ಕೆಳಗೆ ದಿನವೂ ಎದುರುಬದುರು ಕೂತು ಉಣ್ಣುತ್ತಿದ್ದರು. ಊಟ ಮುಗಿಯುವವರೆಗೆ ಅಲ್ಲಿ ಕೇಳುತ್ತಿದ್ದುದು ಆ ಟಿಕ್ ಟಿಕ್ ಒಂದೇ.